ಪ್ರಾಣೇಶರಾಯರ ಆಂಪ್ಲಿಫೈಯರ್

ಟಪ್ಪೆಂದು ಕಿಡಿ ಹಾರಿ ಸ್ಕ್ರೂಡ್ರೈವರಿನ ತುದಿ ಕಪ್ಪಾಯಿತು. ಜಯಂತ ಕೈ ಹಿಂದಕ್ಕೆಳೆದುಕೊಂಡ. ಆಂಪ್ಲಿಫೈಯರಿನ ಪ್ಲಗ್ ಕಿತ್ತು ಹತ್ತು ನಿಮಿಷವಾಗಿತ್ತು; ಕರೆಂಟು ಹಿಡಿದಿಡುವ ಕಂಡೆನ್ಸರಿನೊಳಗೆ ಇನ್ನೂರು ವೋಲ್ಟಾದರೂ ಹಾಗೇ ಕೂತಿತ್ತು. ರೋಣದ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದವನು ಅವನು. ಆದರೂ ಬೆಚ್ಚಿದ.

"ಮುಗೀತೇನು?" ಅವ್ವ ಲೀಲಾಬಾಯಿ ಅಡಿಗೆಮನೆಯಿಂದ ಕೇಳಿದಳು.

"ಇನ್ನೂ ಇಲ್ಲವ್ವಾ."

"ಇವತ್ತ ಆಗಬೇಕ ನೋಡು."

ಯಾಕೆಂದು ಅವನು ಕೇಳಲಿಲ್ಲ. ಕೇಳದಿರುವುದು ಅವನಿಗೆ ರೂಢಿ. ಎರಡು ವರ್ಷದ ಹಿಂದೆ ಹೆಂಡತಿ ಪ್ರಣೀತಾ ಸೂಟ್‌ಕೇಸು ಹಿಡಿದು ಹುಬ್ಬಳ್ಳಿಗೆ ಹೊರಟಾಗಲೂ ಬಸ್ಸಿನ ತನಕ ಹೋಗಿ ಬಿಟ್ಟುಬಂದಿದ್ದ, ಅಷ್ಟೆ.

ಆಂಪ್ಲಿಫೈಯರ್ ಅಪ್ಪನದು. ಹೆಡ್‌ಮಾಸ್ತರ ಪ್ರಾಣೇಶರಾಯರೆಂದರೆ ನರಗುಂದದ ಆ ಓಣಿಗೆ ಸಂಗೀತದ ಹುಚ್ಚಿನ ಮನುಷ್ಯ. ಅವರು ಶಹನಾಯಿ ಹಚ್ಚಿದರೆ ಗುಡ್ಡದ ಬುಡದ ತನಕ ಕೇಳುತ್ತಿತ್ತು. ಯಾವಾಗ ಹಚ್ಚುತ್ತಿದ್ದರು ಎಂಬುದು ಮಾತ್ರ ಮನೆಯ ಮೂವರಿಗೇ ಗೊತ್ತು. ಮೊದಲು ರೆಕಾರ್ಡು. ಆಮೇಲೆ ದೊಡ್ಡ ದನಿ. ಆಮೇಲೆ ಒಳಕೋಣೆಯ ಬಾಗಿಲು. ಆಮೇಲೆ ಬೆಲ್ಟು.

ಅವ್ವನ ಕೈ ಮುರಿದ ದಿನ ಹೊಡೆತದ ನಡುವೆಯೇ ರೆಕಾರ್ಡು ಮುಗಿದುಹೋಗಿತ್ತು. ಇನ್ನೊಮ್ಮೆ ಹಚ್ಚೆಂದು ಅಪ್ಪ ಬಾಗಿಲೊಳಗಿಂದಲೇ ಕೂಗಿದ್ದರು. ಹನ್ನೊಂದು ವರ್ಷದ ಜಯಂತ ಸೂಜಿ ಎತ್ತಿ ಮೊದಲ ಗೆರೆಯ ಮೇಲೆ, ಗೀರು ಬೀಳದಂತೆ, ಜೋಪಾನವಾಗಿ ಇಟ್ಟಿದ್ದ.

ಈಗ ಮೂರು ವರ್ಷದಿಂದ ಅಪ್ಪನಿಗೆ ಲಕ್ವಾ. ಬಲಗಡೆ ಸತ್ತಿದೆ, ಮಾತಿಲ್ಲ. ಅವ್ವ ಉಣ್ಣಿಸುತ್ತಾಳೆ, ತೊಳೆಯುತ್ತಾಳೆ, ಮಗ್ಗಲು ಬದಲಿಸುತ್ತಾಳೆ. ಓಣಿಯ ಹೆಂಗಸರು ಅವಳನ್ನು ತಮ್ಮ ಸೊಸೆಯಂದಿರಿಗೆ ಮಾದರಿಯೆಂದು ತೋರಿಸುತ್ತಾರೆ. ಕಳೆದ ವಾರ ಅವಳು, ಅಟ್ಟದ ಮೇಲಿನ ಆ ಪೆಟ್ಟಿಗೆ ದುರಸ್ತಿ ಮಾಡು ಎಂದಳು. ಹಳೆಯದನ್ನೆಲ್ಲ ಅವಳು ಮರೆತಿದ್ದಾಳೆಂದು ಜಯಂತ ತಿಳಿದುಕೊಂಡ. ಹಾಗೆ ತಿಳಿದುಕೊಳ್ಳುವುದು ಅನುಕೂಲವಾಗಿತ್ತು.

ಗಜೇಂದ್ರಗಡದಲ್ಲಿ ರೇಡಿಯೋ ರಿಪೇರಿ ಮಾಡುವ ತೌಸೀಫ ಹೊಸ ಕಂಡೆನ್ಸರುಗಳನ್ನು ತರಿಸಿಕೊಟ್ಟಿದ್ದ. ಕಾಗದದ ಹಳೆಯವನ್ನು ಒಂದನ್ನೂ ಬಿಡಬೇಡಿ, ಒಂದರಲ್ಲಿ ಕರೆಂಟು ಸೋರಿದರೂ ಮುಂದಿನ ಗಾಜಿನ ವಾಲ್ವು ಸುಟ್ಟುಹೋಗುತ್ತದೆ ಎಂದು ಎಚ್ಚರಿಸಿದ್ದ. ಜಯಂತ ಒಂದೊಂದನ್ನೇ ಕತ್ತರಿಸಿ ತೆಗೆದ. ಕೆಲವು ಉಬ್ಬಿ ಒಡೆದು, ಒಳಗಿನ ಮೇಣ ಕೀವಿನಂತೆ ಹೊರಬಂದು ಒಣಗಿತ್ತು. ಹೊಸವುಗಳಲ್ಲಿ ದೊಡ್ಡದನ್ನು ಕೂಡಿಸುವಾಗ ಪ್ಲಸ್ಸು ಮೈನಸ್ಸು ಎರಡೆರಡು ಸಲ ನೋಡಿದ. ತಿರುವುಮುರುವಾದರೆ ಸಿಡಿಯುತ್ತದೆ.

ಮೂರು ಗಂಟೆಗೆ ಬೆಸುಗೆ ಮುಗಿಯಿತು. ತಪ್ಪಿದ್ದರೆ ಉರಿಯುತ್ತಲೇ ಇದ್ದು ತಿಳಿಸಲೆಂದು ಕರೆಂಟಿನ ದಾರಿಯ ನಡುವೆ ಬಲ್ಬೊಂದನ್ನು ಜೋಡಿಸಿ ಸ್ವಿಚ್ ಹಾಕಿದ. ಬಲ್ಬು ಝಗ್ಗೆಂದು ಉರಿದು ಮೆಲ್ಲಗೆ ಮಂಕಾಯಿತು. ವಾಲ್ವುಗಳು ಕೆಂಪಾದವು. ಬೆಳಿಗ್ಗೆ ಹಚ್ಚಿ ನೋಡಿದಾಗಿನ ಗುಂಯ್‌ಗುಡುವಿಕೆ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಖುಷಿಯಾಯಿತು. ಬಲ್ಬು ತೆಗೆದು ನೇರ ಕರೆಂಟು ಕೊಟ್ಟು ಅವ್ವನನ್ನು ಕರೆದ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಶಹನಾಯಿಯ ರೆಕಾರ್ಡನ್ನು ತಾನೇ ಹುಡುಕಿ ಕೊಟ್ಟಳು. ಅವನು ಅದರ ಮೇಲೆ ಸೂಜಿ ಇಳಿಸಿದ.

"ದೊಡ್ಡದ ಮಾಡು."

ಮಾಡಿದ.

"ಇನ್ನೂ."

ಕಿಟಕಿಯ ಗಾಜು ಗಡಗಡಿಸಿತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಅಪ್ಪನ ಊರುಗೋಲು ತೆಗೆದುಕೊಂಡು ಒಳಕೋಣೆಗೆ ಹೋದಳು. ಬಾಗಿಲು ಮುಚ್ಚಿತು.

ಜಯಂತ ಎದ್ದ. ಹೋಗಿ ಬಾಗಿಲು ದೂಡಿದ. ಅವ್ವ ಹೊಡೆಯುತ್ತಿದ್ದಳು. ಅವಸರವಿರಲಿಲ್ಲ, ಅರಿವೆ ಒಗೆಯುವ ಹಾಗೆ, ಒಂದಾದ ಮೇಲೊಂದು. ಸತ್ತ ಬಲಗಾಲನ್ನು ಅವಳು ಮುಟ್ಟಲಿಲ್ಲ. ನೋವು ಗೊತ್ತಾಗುವ ಎಡಗಾಲಿನ ಮೊಳಕಾಲು ಒಡೆದು ರಕ್ತ ಹಾಸಿಗೆಗೆ ಇಳಿದಿತ್ತು. ಅಪ್ಪನ ಬಾಯಿ ತೆರೆದಿತ್ತು. ಅದರಿಂದ ಶಹನಾಯಿಯೇ ಬರುತ್ತಿರುವಂತಿತ್ತು. ಕಣ್ಣು ಮಗನನ್ನು ಹುಡುಕಿ ಹಿಡಿದುಕೊಂಡಿತು.

ಜಯಂತ ಕೋಲು ಹಿಡಿದ.

"ಅವ್ವಾ, ಸಾಕು."

ಅವಳು ಏದುಸಿರು ಬಿಡುತ್ತ ಅವನ ಕಿವಿಯ ಹತ್ತಿರ ಬಂದಳು. ಸಿಟ್ಟಿನ ದನಿಯಲ್ಲ, ಲೆಕ್ಕ ತಪ್ಪಿದ ಹುಡುಗನನ್ನು ಕೇಳುವ ದನಿ.

"ಆವಾಗ ಸಾಕು ಅಂದಿದ್ದೇನು?"

ಕೋಲು ಬಿಟ್ಟ.

"ಬಾಗಲಾ ಹಾಕ್ಕೊಂಡ ಹೋಗು."

ಅಪ್ಪನ ಕಡೆ ನೋಡದೆ ಹೊರಬಂದು ಬಾಗಿಲು ಎಳೆದುಕೊಂಡ. ಬೀದಿಯ ಕಟ್ಟೆಗೆ ಬಂದ. ಅಲ್ಲಿ ಎದುರುಮನೆಯ ಕನಕಪ್ಪ, ರಿಟೈರಾದ ಪೋಸ್ಟ್‌ಮನ್, ಮಧ್ಯಾಹ್ನದ ನಿದ್ದೆ ಬಿಟ್ಟು ಬಂದು ಕಣ್ಣು ಮುಚ್ಚಿ ಕೂತಿದ್ದ. ಬೆರಳುಗಳು ಮೊಳಕಾಲ ಮೇಲೆ ತಾಳ ಹಾಕುತ್ತಿದ್ದವು.

"ರಾಯರು ಆರಾಮ ಆದ್ರೇನ್ರಿ?"

"ಹೂಂ," ಎಂದ ಜಯಂತ.

"ಎಷ್ಟ ವರ್ಷ ಆತ್ರಿ ಇದನ್ನ ಕೇಳಿ."

ಜಯಂತ ಅವನ ಪಕ್ಕ ಕೂತ. ಒಳಗೆ ರೆಕಾರ್ಡು ಮುಗಿದು ಸೂಜಿ ಸರಸರ ಎನ್ನತೊಡಗಿತು. ಎದ್ದು ಹೋಗಿ ಇನ್ನೊಮ್ಮೆ ಹಚ್ಚಬೇಕೋ, ಕೋಣೆಯ ಬಾಗಿಲು ತೆಗೆಯಬೇಕೋ. ಎರಡನ್ನೂ ಮಾಡದೆ ಕಟ್ಟೆಯ ಅಂಚು ಹಿಡಿದು ಕೂತ. ಆ ಸರಸರದ ನಡುವೆ ಒಳಕೋಣೆಯಿಂದ ಧಪ್ ಎಂದಿತು. ತುಸು ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ.

ಕನಕಪ್ಪ ಕಣ್ಣು ತೆರೆಯಲಿಲ್ಲ. ಅವನ ಬೆರಳುಗಳು ಆ ಸದ್ದಿಗೆ ಸರಿಯಾಗಿ, ಒಂದು ಪೆಟ್ಟೂ ತಪ್ಪದಂತೆ ತಾಳ ಹಾಕುತ್ತಲೇ ಇದ್ದವು.