ಮೊದಲ ಸಾಲಿನ ಮೂರು

ಗಣಿತದ ಸಾಫ್ಟ್‌ವೇರಿಗೆ ಬೀಜಗಣಿತ ಬಿಡಿಸುವ ಪ್ಲಗಿನ್ ಎಂಬ ಹೆಚ್ಚುವರಿ ತುಣುಕನ್ನು ಸೇರಿಸಲು ಕಟ್ಟಡದ ಎಂಜಿನಿಯರ್ ಬೆಳಗಿನಿಂದ ತಲೆ ಚಚ್ಚಿಕೊಳ್ಳುತ್ತಿದ್ದ. ತೊಲೆಯ ಉದ್ದವನ್ನು ‘ಎಲ್’ ಎಂದೇ ಇಟ್ಟು ಸೂತ್ರ ಕೊಡು ಎಂದರೆ, ಆ ದರಿದ್ರ ಬರೀ ಒಂದು ಅಂಕಿಯನ್ನು ಮುಖಕ್ಕೆ ಎಸೆಯುತ್ತಿತ್ತು. ಕಿತ್ತು ಮತ್ತೆ ಹಾಕಿದ. ಮಾಡಿದವರ ವಂಶವನ್ನೆಲ್ಲ ಜಾಲಾಡಿದ. ಕೊನೆಗೆ ಲೆಕ್ಕದ ಹಾಳೆಯ ಮೊದಲ ಸಾಲು ಕಣ್ಣಿಗೆ ಬಿತ್ತು: ಎಲ್ = 3. ಪರೀಕ್ಷೆಗೆಂದು ಎಂದೋ ತಾನೇ ಬರೆದು ಮರೆತದ್ದು. ಅಳಿಸಿದ. ಸೂತ್ರ ನೀರು ಕುಡಿದಷ್ಟು ಸಲೀಸಾಗಿ ಬಂತು.

ನಗು ಅರ್ಧಕ್ಕೇ ನಿಂತಿತು. ಹೋದ ತಿಂಗಳ ಸಭಾಂಗಣದ ಲೆಕ್ಕವನ್ನೂ ಇದೇ ಹಾಳೆಯಲ್ಲಿ ಮಾಡಿದ್ದ. ಅಲ್ಲಿನ ತೊಲೆ ಆರು ಮೀಟರಿನದು. ಹಾಕಿಸಿದ ಕಂಬಿ ಮೂರಕ್ಕೆ ಸಾಲುವಷ್ಟೇ.

ಮೇಸ್ತ್ರಿಗೆ ಫೋನ್ ಮಾಡಿದ. “ಸಭಾಂಗಣದ ತೊಲೆ ಕೆಳಗಿನ ಆಸರೆ ಕಂಬ ತೆಗೀಬೇಡಿ.”

“ಬೆಳಿಗ್ಗೇನೇ ಬಿಚ್ಚಾಯ್ತಲ್ಲ ಸಾರ್,” ಎಂದ ಮೇಸ್ತ್ರಿ. “ಬಿಸಿಲು ಅಂತ ಎಲ್ಲರೂ ಅದರ ಕೆಳಗೇ ಊಟಕ್ಕೆ ಕೂತಿದೀವಿ.”