ಮೆಟ್ಟಿಲ ಕೆಳಗಿನ ಲೋಟಗಳು

ಕಾಗದದ ಲೋಟಗಳ ಪ್ಯಾಕೆಟ್ಟನ್ನು ಸಂಪತ್ ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ. ತೀರಿಕೊಂಡ ಅಮ್ಮನನ್ನು ಹಾಲ್‌ನಲ್ಲಿ ಮಲಗಿಸಿದ್ದರು. ಬಂದವರಿಗೆಂದು ಪಕ್ಕದ ಮನೆಯವರು ಫ್ಲಾಸ್ಕ್ ತುಂಬ ಟೀ ತಂದಿಟ್ಟಿದ್ದರು.

"ಇದೇನೋ ಇದು?" ಸೋದರಮಾವ ಅಂಜಿನಯ್ಯ ಗದರಿದರು. "ಮುನಿತಾಯಿ ಮನೇಲಿ ಪೇಪರ್ ಲೋಟನಾ? ಅವಳ ಲೋಟದ ಮೂಟೆ ಎಲ್ಲೋ?"

"ಈಗೆಲ್ಲಿ ಹುಡುಕೋದು ಮಾವ..."

"ಹುಡುಕೋದೇನ್ ಬಂತು? ಮೆಟ್ಟಿಲ ಕೆಳಗೆ ಇರತ್ತೆ. ನನ್ ಮಗಳ ಮದ್ವೆಗೆ ನಾನೇ ಹೊತ್ಕೊಂಡು ಹೋಗಿದ್ನಲ್ಲ. ಒಂದ್ ಲೋಟ ಕಮ್ಮಿ ಬಂತು ಅಂತ ವರ್ಷ ಪೂರ್ತಿ ಆಡ್ಕೊಂಡ್ಲು ಕಣೋ, ಒಡಹುಟ್ಟಿದೋನು ಅಂತಾನೂ ನೋಡ್ಲಿಲ್ಲ!"

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ನಕ್ಕರು. ಸಂಪತ್ ಲೋಟಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದ.

*

ನೂರು ಸ್ಟೀಲ್ ಲೋಟ. ಹಬ್ಬಕ್ಕೆ ನಾಲ್ಕು, ಜಾತ್ರೆಗೆ ಎರಡು ಎಂದು ಮುನಿತಾಯಮ್ಮ ಕೂಡಿಸಿದ್ದು. ಪಾತ್ರೆ ಅಂಗಡಿಯಲ್ಲಿ ಒಂದೊಂದರ ಮೇಲೂ ತನ್ನ ಹೆಸರು ಹಾಕಿಸಿದ್ದಳು. ಹೊಸಹಳ್ಳಿಯ ಆ ಬೀದಿಯಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಮೂಟೆ ಅವಳ ಮನೆಯಿಂದಲೇ ಹೋಗಬೇಕು. "ಒಂದ್ ಗುಟುಕು ಕುಡ್ದು ಮೋರಿಗೆ ಎಸ್ಯೋಕೆ ಲೋಟ ಯಾಕ್ರಮ್ಮ? ತೊಳ್ದು ಕೊಡಿ, ಅಷ್ಟೇ," ಎನ್ನುತ್ತಿದ್ದಳು.

ಅವಳು ಆಸ್ಪತ್ರೆಯಲ್ಲಿದ್ದಾಗ, ಶೂ ಸ್ಟ್ಯಾಂಡಿಗೆ ಜಾಗ ಬೇಕೆಂದು ಸಂಪತ್ ಮೂಟೆಯನ್ನು ಗುಜರಿಗೆ ಹಾಕಿದ್ದ. ಮನೆಗೆ ಬಂದವಳು ಒಳಗೆ ಕಾಲಿಡುವ ಮೊದಲೇ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದಳು.

"ಲೋಟ ಯಾರ್ ಮನೇಗ್ ಹೋಗವೆ ಮಗ?"

"ಎದುರುಮನೆ ಕೊಟ್ರಪ್ಪನವರು ತಗೊಂಡ್ ಹೋದ್ರಮ್ಮ. ಮಗಳ ಸೀಮಂತ ಅಂತೆ." ನಾಲಿಗೆಗೆ ಬಂದ ಹೆಸರು ಅದು.

ವಾರವಿಡೀ "ಬಂತಾ?" ಎಂದು ಕೇಳಿದಳು. ಆಮೇಲೆ ಕೇಳಲಿಲ್ಲ. ಮರೆತಳು ಎಂದು ಸಂಪತ್ ನೆಮ್ಮದಿಪಟ್ಟಿದ್ದ.

*

"ಬಾಯಿಗೆ ನೀರು ಬಿಡೋರು ಬನ್ರಪ್ಪ, ಹೊತ್ತಾಗ್ತಾ ಇದೆ," ಅಂಜಿನಯ್ಯ ಕೂಗಿದರು.

ಸಂಪತ್ ಕೈಯಲ್ಲಿದ್ದ ಕಾಗದದ ಲೋಟಕ್ಕೇ ತುಳಸಿ ನೀರು ಬಗ್ಗಿಸಿಕೊಂಡ. ಯಾರೋ ಮಣಿಕಟ್ಟು ಹಿಡಿದರು. ಕೊಟ್ರಪ್ಪ.

"ಅದ್ರಾಗ ಬ್ಯಾಡ್ರಿ." ಟವೆಲಿನೊಳಗಿಂದ ಒಂದು ಸ್ಟೀಲ್ ಲೋಟ ತೆಗೆದರು. "ಅಮ್ಮಾರು ಆಸ್ಪತ್ರಿಗಿ ಹೋಗೋಕಿಂತ ಮೊದ್ಲ ಇದ್ರಾಗ ಮಜ್ಜಿಗಿ ಕೊಟ್ಟಿದ್ರು. ಇದೊಂದು ನಮ್ಮನ್ಯಾಗ ಉಳ್ಕೊಂಡಿತ್ತು." ನೀರನ್ನು ಅದಕ್ಕೆ ಸುರಿಯುತ್ತ ದನಿ ತಗ್ಗಿಸಿದರು. "ಒಮ್ಮೆ ಅಮ್ಮಾರೇ ನಮ್ಮ ಮನಿ ಬಾಗಲಿಗೆ ಬಂದು ಕೇಳಿದ್ರು, ಸೀಮಂತ ಮುಗೀತಲ್ಲಪ್ಪಾ, ಲೋಟ ಕೊಡ್ತೀರಾ ಅಂತ. ಯಾವ ಸೀಮಂತರೀ, ನನಗ ಇರೋರು ಇಬ್ರೂ ಗಂಡುಮಕ್ಕಳು ಅಂದೆ. ಹೊಳ್ಳಿ ಎರಡ್ ಹೆಜ್ಜಿ ಹೋದ್ರು. ಆಮ್ಯಾಲ 'ನಂಗೇ ಮರೆವು ಕಣಪ್ಪ, ಸಂಪತ್‌ಗೆ ಹೇಳ್ಬೇಡ' ಅಂದ್ರು. ಪಾಪ, ವಯಸ್ಸು ನೋಡ್ರಿ."

ಸಂಪತ್ ಬಗ್ಗಿ ನೀರು ಬಿಟ್ಟ. ಒಳಗೆ ಹೋಗದ ನೀರು ಕೆನ್ನೆಗುಂಟ ಇಳಿಯಿತು. ಲೋಟ ಅವನ ಕೈಯಿಂದ ಹೆಂಡತಿಗೆ, ಮಾವನಿಗೆ, ಬೀದಿಯವರಿಗೆಲ್ಲ ದಾಟಿ, ತಿರುಗಿ ಅವನ ಕೈಗೇ ಬಂತು.

"ತೊಳ್ದು ಜಾಗಕ್ಕೆ ಇಡೋ," ಎಂದರು ಅಂಜಿನಯ್ಯ.

ಅಂಗಳದ ನಲ್ಲಿಯಲ್ಲಿ ತೊಳೆದ. ಇಡಲೆಂದು ಮೆಟ್ಟಿಲ ಕೆಳಗೆ ಬಗ್ಗಿದ. ನಾಲ್ಕು ಸಾಲು ಶೂಗಳು. ಒದ್ದೆ ಲೋಟ ಹಿಡಿದು ಹಾಗೇ ಬಗ್ಗಿ ನಿಂತ. ಅಮ್ಮನ ಹೆಸರಿನ ಮೇಲಿದ್ದ ಹೆಬ್ಬೆರಳನ್ನು ಎತ್ತಲಿಲ್ಲ.