ಮರಿತಾಯಮ್ಮನ ಗಾಡಿಗೆ ನಿಂಬೆಹಣ್ಣು

ಒಂದು ನಿಮಿಷದ ಮೌನ ಮುಗಿಯಿತೋ ಇಲ್ಲವೋ, ನಿರೂಪಣೆಗೆ ನಿಂತಿದ್ದ ಗಾರ್ಗಿ ಮೈಕು ಬಾಯಿಗೆ ಹಿಡಿದು, “ಎಲ್ಲರೂ ಒಂದು ಜೋರಾದ ಚಪ್ಪಾಳೆ!” ಎಂದಳು. ಯುಗಾದಿಗೂ ರಾಜ್ಯೋತ್ಸವಕ್ಕೂ ಹಾಗೆಯೇ ಹೇಳಿ ರೂಢಿಯಾದ ಬಾಯಿ; ಸಾವಿಗೆಂದು ಬೇರೆ ಬಾಯಿ ಎಲ್ಲಿಂದ ತಂದಾಳು? ಅವಳೇನೋ ಹೇಳಿದಳು, ಕೂತವರಿಗಾದರೂ ಬುದ್ಧಿ ಬೇಡವೇ? ಹಾಲಿನ ತುಂಬ ಇದ್ದ ಡಾಕ್ಟರುಗಳೂ ಇಂಜಿನಿಯರುಗಳೂ ಟಪಟಪ ಹೊಡೆದೇ ಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಸತ್ಯವತಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, “ಥೂ, ಇವರ ಮುಖಕ್ಕಿಷ್ಟು” ಎಂದು ಪಕ್ಕದ ಶರಣವ್ವನಿಗೆ ಮಾತ್ರ ಕೇಳುವಂತೆ ಅಂದಳು.

ಸಭೆ ಮರಿತಾಯಮ್ಮನ ನೆನಪಿಗೆ. ಮಂಡ್ಯದ ಕಡೆಯ ಹೆಂಗಸು, ಹೋದ ತಿಂಗಳು ಮಗ ಹರ್ಷನ ಮನೆಯಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಈ ದೇಶಕ್ಕೆ ಬಂದವಳು ಇಲ್ಲಿನ ಲೈಸೆನ್ಸು ತೆಗೆದುಕೊಂಡು, ಮಗನ ಪ್ರಾಣ ಹಿಂಡಿ ಏಳು ಸೀಟಿನ ಹಳೆಯ ಬೂದು ವ್ಯಾನೊಂದನ್ನು ಕೊಡಿಸಿಕೊಂಡಿದ್ದಳು. ಯೂನಿಯನ್ ಸಿಟಿಯಲ್ಲಿ ಮಕ್ಕಳ ಮನೆಯ ಸೋಫಾದ ಮೇಲೆ ಒಣಗುತ್ತಿದ್ದ ಮುದುಕಿಯರನ್ನೆಲ್ಲ ಅದರಲ್ಲಿ ತುಂಬಿಕೊಂಡು ಗುಡಿಗೆ, ಗ್ರೋಸರಿಗೆ, ಕಣ್ಣಿನ ಡಾಕ್ಟರ ಹತ್ತಿರಕ್ಕೆ ತಿರುಗಿಸುತ್ತಿದ್ದಳು. ಸತ್ಯವತಿಯೂ ಶರಣವ್ವನೂ ಅದರಲ್ಲಿ ತಿರುಗಿದವರೇ.

ಈಗ ಆ ಬದುಕೆಲ್ಲ ಪರದೆಯ ಮೇಲೆ ಮೂರು ಸ್ಲೈಡಾಗಿತ್ತು. ‘ಕಾರ್ ಲವರ್’ ಒಂದು, ‘ಫ್ಯಾಮಿಲಿ ಪರ್ಸನ್’ ಒಂದು, ‘ಕಮ್ಯೂನಿಟಿ ಸರ್ವೀಸ್’ ಇನ್ನೊಂದು. ಫೋಟೋಗಳಲ್ಲಿ ಮರಿತಾಯಮ್ಮನ ಮುಖ ಅರ್ಧವೇ ಕಾಣುತ್ತಿತ್ತು. ಕನ್ನಡ ಸಂಘದ ಎಲ್ಲ ಫೋಟೋದಲ್ಲೂ ಅವಳು ಪಾತ್ರೆ ಹಿಡಿದು ಅಂಚಿನಲ್ಲಿ ನಿಂತವಳು. ನಡುವೆ ಹಲ್ಲು ಕಿರಿಯುತ್ತಿದ್ದವರು ಬೇರೆಯವರು. ವೇದಿಕೆಯ ದೊಡ್ಡ ಫೋಟೋಗಂತೂ ಶಾಲು ಹೊದಿಸಿ, ಮೇಲೆ ಮೈಸೂರು ಪೇಟ ಇಟ್ಟು ಸನ್ಮಾನವನ್ನೇ ಮಾಡಿದ್ದರು. ಪಕ್ಕದಲ್ಲೊಂದು ಹಣ್ಣಿನ ಬುಟ್ಟಿ ಬೇರೆ.

“ಮರಿತಾಯಮ್ಮನವರು ಸೇವೆಯ ಸಾಕಾರಮೂರ್ತಿ!” ಎಂದು ಶುರುಮಾಡಿದರು ಸಂಘದ ಅಧ್ಯಕ್ಷ ದ್ವಾರಕಾನಾಥ. ಆ ಒಂದು ವಾಕ್ಯ ಮರಿತಾಯಮ್ಮನಿಗೆ. ಮಿಕ್ಕ ಭಾಷಣವೆಲ್ಲ ತಮ್ಮ ಅವಧಿಯಲ್ಲಿ ಸಂಘ ಹೇಗೆ ಬೆಳೆಯಿತು ಎನ್ನುವುದಕ್ಕೆ. ಇದೇ ಮಹಾನುಭಾವರ ಅತ್ತೆಯನ್ನು ಮರಿತಾಯಮ್ಮ ಪ್ರತಿ ವಾರ ಗುಡಿಗೆ ಕರೆದೊಯ್ದು ಮನೆಗೆ ಬಿಡುತ್ತಿದ್ದಳು. “ಗಾಡಿ ಡ್ರೈವ್‌ವೇಲಿ ನಿಲ್ಲಿಸ್ಬೇಡಿ, ಆಯಿಲ್ ಸೋರುತ್ತೆ, ಕಲೆ ಆಗುತ್ತೆ” ಎಂದು ಇದೇ ಬಾಯಿ ಹೇಳಿದ್ದನ್ನು ಸತ್ಯವತಿ ಕಿವಿಯಾರೆ ಕೇಳಿದ್ದಳು. ಆವತ್ತಿನಿಂದ ಆ ಅತ್ತೆ ಬೀದಿಯ ಕೊನೆಯಲ್ಲಿ ಇಳಿದು ಕೋಲೂರಿಕೊಂಡು ನಡೆದು ಹೋಗುತ್ತಿದ್ದರು.

ಮರಿತಾಯಮ್ಮನಿಗೆ ಕಾರಿನ ಹುಚ್ಚು ಇದ್ದದ್ದು ನಿಜ. ಗ್ರೋಸರಿ ಪಾರ್ಕಿಂಗಿನಲ್ಲಿ ಯಾರದೋ ಕೆಂಪು ಕಾರಿನ ಕಿಟಕಿಗೆ ಮೂಗು ಒತ್ತಿ ಒಳಗೆ ಇಣುಕುತ್ತಿದ್ದಳು. ಒಮ್ಮೆ ಅದರ ಯಜಮಾನ ಬಂದು ಹುಬ್ಬು ಗಂಟಿಕ್ಕಿದರೆ, ಹೆದರುವುದಿರಲಿ, “ಹೌ ಮಚ್ ಮೈಲೇಜು?” ಎಂದು ಅವನನ್ನೇ ಕೇಳಿದ್ದಳು. ಸಂಸಾರದ ಮೇಲಿನ ಪ್ರೀತಿಯೂ ನಿಜವೇ. ಮೊಮ್ಮಗಳು ನಿಸರ್ಗಾ ಎಮರಿವಿಲ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಹುಡುಗಿ ಹೊರಗಿನದ್ದೇ ತಿಂದು ಸೊರಗುತ್ತಾಳೆಂದು ಉಪ್ಸಾರು ಮುದ್ದೆ ಕಟ್ಟಿಕೊಂಡು ಫ್ರೀವೇ ಹಿಡಿದು ಅವಳ ಆಫೀಸಿನ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದಳು. ಇನ್ನು ಸೇವೆ ಎಂಬ ಮಾತು ಕೇಳಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಅವಳಿಗೆ ಗಾಡಿ ಓಡಿಸಲು ನೆಪ ಬೇಕಿತ್ತು, ಮುದುಕಿಯರಿಗೆ ಮನೆಯಿಂದ ಹೊರಗೆ ಕಾಲಿಡಬೇಕಿತ್ತು.

ಯಾರಾದರೂ ಹೊಸ ಕಾರು ತಂದರೆ ಮೊದಲ ಫೋನು ಅವಳಿಗೇ. ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಗಾಲಿಯ ಕೆಳಗೂ ನಿಂಬೆಹಣ್ಣು ಇಟ್ಟು, “ಊಂ, ಈಗ ಅತ್ಸಿ ಸ್ವಾಮಿ” ಎನ್ನುವಳು. ನಿಂಬೆಹಣ್ಣು ಹಿಚುಕಿಕೊಂಡು ಗಾಡಿ ಮುಂದೆ ಹೋಯಿತೆಂದರೆ ದೃಷ್ಟಿ ಕಳೆಯಿತು, ಗಾಡಿ ದಾಟಿಸಿದವರಿಗೆ ಒಲಿಯಿತು ಎಂದು ಲೆಕ್ಕ. ಪೆಟ್ರೋಲೇ ಕುಡಿಯದ ಹೊಸ ಕಾಲದ ಕಾರುಗಳೂ ಮರಿತಾಯಮ್ಮನ ನಿಂಬೆಹಣ್ಣು ದಾಟದೆ ಫ್ರೀವೇ ಹತ್ತುತ್ತಿರಲಿಲ್ಲ.

ಕೊನೆಗೆ ಹರ್ಷ ಮೈಕಿನ ಮುಂದೆ ಬಂದ. ಒಳ್ಳೆಯ ಹುಡುಗ, ಕಣ್ಣು ಕೆಂಪಾಗಿತ್ತು. “ಅಮ್ಮನ ಗಾಡೀನ ಚಾರಿಟಿಗೆ ಡೊನೇಟ್ ಮಾಡ್ತಿದೀವಿ. ನಾಳೆ ಬಂದು ಟೋ ಮಾಡ್ಕೊಂಡು ಹೋಗ್ತಾರೆ” ಎಂದ. ಮತ್ತೆ ಚಪ್ಪಾಳೆ.

ಸುದ್ದಿ ಸತ್ಯವತಿಗೆ ಮೊದಲೇ ಗೊತ್ತಿತ್ತು, ಈ ಸಭೆಗೆ ಅವಳು ಬಂದಿದ್ದೇ ಅದಕ್ಕೆ. ‘ಹರ್ಷ, ಆ ಗಾಡಿ ನನಗೆ ಕೊಡಪ್ಪ’ ಎಂದು ಕೇಳಬೇಕಿತ್ತು. ವ್ಯಾನು ಹೋದರೆ ತಾನೂ ಶರಣವ್ವನೂ ಇನ್ನುಳಿದ ಮುದುಕಿಯರೂ ನಾಳೆಯಿಂದ ಮತ್ತೆ ಸೋಫಾ, ಟೀವಿ, ಎದುರು ಮನೆಯ ಬಿಳಿ ಗೋಡೆ. ಆದರೆ ಗಾಡಿ ಕೇಳಬೇಕಾದರೆ ಗುಟ್ಟು ಬಿಚ್ಚಬೇಕು. ಮನೆಯಲ್ಲಿ ಯಾರಿಗೂ ಹೇಳದೆ ಸತ್ಯವತಿ ಡ್ರೈವಿಂಗ್ ಕಲಿತು ಲೈಸೆನ್ಸು ತೆಗೆದುಕೊಂಡಿದ್ದಳು.

ಮಗ ಅಭಿರಾಮನನ್ನು ಅವಳು ಒಂದು ಸಲ ಕೇಳಿ ನೋಡಿದ್ದಳು. “ಅಮ್ಮ, ಈ ವಯಸ್ಸಲ್ಲಿ ಡ್ರೈವಿಂಗಾ? ಏನಾದ್ರೂ ಆದ್ರೆ? ಎಲ್ಲಿಗ್ ಹೋಗ್ಬೇಕು ಹೇಳು, ವೀಕೆಂಡಲ್ಲಿ ನಾನೇ ಕರ್ಕೊಂಡ್ ಹೋಗ್ತೀನಿ” ಎಂದಿದ್ದ. ಆ ವೀಕೆಂಡು ಅವನ ಮಗಳು ಇಂಚರಾಳ ಸಾಕರ್ ಆಟಕ್ಕೆ ಹೋಯಿತು, ಅದರ ಮುಂದಿನದು ಅವನ ಮೀಟಿಂಗಿಗೆ ಹೋಯಿತು, ಆಮೇಲಿನವು ಎಲ್ಲಿಗೆ ಹೋದವೋ ಅವನಿಗೇ ತಿಳಿಯದು. ಅವನು ಹಾಲುಗಲ್ಲದ ಮಗುವಾಗಿದ್ದಾಗ ಮೈಸೂರಿನ ಸಿಟಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಅವನನ್ನೂ ಇನ್ನೊಂದರಲ್ಲಿ ಸೀಮೆಎಣ್ಣೆ ಡಬ್ಬವನ್ನೂ ಹಿಡಿದು ನಿಂತು ಬರುತ್ತಿದ್ದವಳು ಈಗ ನಾಲ್ಕು ಗಾಲಿಯ ಗಾಡಿಯಲ್ಲಿ ಕೂತು ಸಾಯುತ್ತಾಳಂತೆ!

ಮರಿತಾಯಮ್ಮ ಬಿಡಲಿಲ್ಲ. ಮುಚ್ಚಿಹೋದ ಅಂಗಡಿಯೊಂದರ ಖಾಲಿ ಪಾರ್ಕಿಂಗಿಗೆ ಕರೆದೊಯ್ದು ಕಲಿಸಿದಳು. ಸತ್ಯವತಿ ಬ್ರೇಕು ತುಳಿದರೆ ಇಬ್ಬರ ಹಣೆಯೂ ಮುಂದಕ್ಕೆ ಹೋಗಿ ಬಡಿಯುವಂತಾಗುತ್ತಿತ್ತು.

“ಸತ್ಯಮ್ಮೋ, ಬಿರೇಕು ತುಳಿಯಾದಲ್ಲ ಕಣವ್ವ, ಒತ್ತಾದು. ಕೂಸ ತಟ್ಟಿ ಮಲುಗ್ಸಲ್ವಾ, ಅಂಗೆ. ನಿನ್ ಸೊಸೆ ಮ್ಯಾಲಿನ್ ಸಿಟ್ಟ ಗಾಡಿ ಮ್ಯಾಲ್ಯಾಕೆ ತೀರುಸ್ಕತೀಯೆ?”

ಸತ್ಯವತಿ ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳು. ಅವಳ ಮೂಗು ಮೊದಲಿನಿಂದಲೂ ಕೊಂಚ ಮೇಲಕ್ಕೇ. ಇಂಥ ಮಾತು ಬೇರೆ ಯಾರಾದರೂ ಆಡಿದ್ದರೆ ಮೂರು ಜನ್ಮ ಮಾತು ಬಿಡುತ್ತಿದ್ದಳು. ಆದರೆ ಆವತ್ತು ಸ್ಟೇರಿಂಗ್ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಲೈಸೆನ್ಸು ಅಂಚೆಯಲ್ಲಿ ಬಂದಾಗ ಅದನ್ನು ನೋಡಿದ್ದು ಮರಿತಾಯಮ್ಮ ಒಬ್ಬಳೇ. ಮನೆಯವರಿಗೆ ಹೇಗೆ ಹೇಳುವುದೆಂದು ಇಬ್ಬರೂ ಇನ್ನೂ ಯೋಚಿಸುತ್ತಿರುವಾಗಲೇ ಅವಳು ಹೋಗಿಬಿಟ್ಟಳು.

ಸಭೆ ಮುಗಿದು ಊಟ ಶುರುವಾಯಿತು. ಪುಳಿಯೋಗರೆಯ ತಟ್ಟೆ ಹಿಡಿದವರು ಮರಿತಾಯಮ್ಮನನ್ನು ಅಲ್ಲೇ ಬಿಟ್ಟು ಸರಟೋಗಾದ ಮನೆಗಳ ಬೆಲೆಗೆ ಇಳಿದರು. ಸತ್ಯವತಿ ಎರಡು ಸಲ ಹರ್ಷನ ಹತ್ತಿರ ಹೋದಳು, ಎರಡು ಸಲವೂ ಪಕ್ಕದಲ್ಲಿ ಅಭಿರಾಮ ಇದ್ದ, ಎರಡು ಸಲವೂ “ಸಮಾಧಾನ ಮಾಡ್ಕೊಪ್ಪ” ಎಂದಷ್ಟೇ ಹೇಳಿ ವಾಪಸು ಬಂದಳು. ಊರಿನವರನ್ನೆಲ್ಲ ಆಡಿಕೊಳ್ಳುವ ತನ್ನ ನಾಲಿಗೆ ಮಗನ ಮುಂದೆ ಮಾತ್ರ ಹೀಗೆ ಸತ್ತು ಬೀಳುವುದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಸತ್ಯವತಿ ಪಾರ್ಕಿಂಗಿಗೆ ಬಂದಾಗ ಅಲ್ಲಿ ಗುಂಪು ನೆರೆದಿತ್ತು. ಹಾಲಿನ ಬಾಗಿಲಿಗೆ ಎದುರಾಗಿ ಮರಿತಾಯಮ್ಮನ ವ್ಯಾನನ್ನು ಅಲಂಕರಿಸಿ ನಿಲ್ಲಿಸಿದ್ದರು. ಅಲಂಕಾರ ಸಂಘದ ಕಾರ್ಯದರ್ಶಿ ವಿಕಾಸನದು. ಪ್ರತಿ ವರ್ಷ ಆಯುಧಪೂಜೆಗೆ ಮಾಡಿ ಪಳಗಿದ ಕೈ, ಇಲ್ಲಿಯೂ ಅದನ್ನೇ ಮಾಡಿತ್ತು. ಚೆಂಡುಹೂವಿನ ಹಾರ, ಕುಂಕುಮ, ಡ್ರೈವರ್ ಸೀಟಿನಲ್ಲಿ ಮರಿತಾಯಮ್ಮನದೇ ಇನ್ನೊಂದು ಫೋಟೋ. ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ನಾಲ್ಕು ಗಾಲಿಯ ಕೆಳಗೂ ಒಂದೊಂದು ನಿಂಬೆಹಣ್ಣು!

ಅದನ್ನು ಮೊದಲು ಕಂಡವಳು ಶರಣವ್ವ. “ಏನ್ ಮಾಡೀಯೋ ತಮ್ಮಾ ಇದು? ಸತ್ತಾಕಿ ಫೋಟೋ ಸ್ಟೇರಿಂಗ್ ಮುಂದ ಕುಂದರ್ಸಿ, ಗಾಲಿ ಬುಡಕ ನಿಂಬಿಹಣ್ಣ ಇಟ್ಟೀಯಲ್ಲ! ಈಗ ಗಾಡಿ ಯಾರ್ ಹೊಡೀಬೇಕು, ಆಕೀನ ಬರ್ಬೇಕೇನು?”

“ತೆಗೆದುಬಿಟ್ಟರಾಯ್ತಲ್ಲ ಅಜ್ಜಿ” ಎಂದ ವಿಕಾಸ್.

“ತೆಗಿ ನೋಡೂಣು. ಮುಟ್ಟಿದ ಕೈಗೆ ಪೀಡಾ ಹತ್ತತೈತಿ. ದಾಟ್ಸಿದ್ರ ಆಕೀ ಜಾಗಾದಾಗ ಕುಂತಾಂವಗ ಹತ್ತತೈತಿ.”

ಬಗ್ಗಿದ್ದ ವಿಕಾಸ್ ಹಾಗೇ ಮೇಲೆದ್ದ. ಹಾಲಿನ ಕಾವಲಿನವನು ಗೇಟು ಮುಚ್ಚಬೇಕೆಂದು ಬೀಗ ಹಿಡಿದು ಕಾಯುತ್ತಿದ್ದ, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಹರ್ಷ ಕೀ ತೆಗೆದು ಮುಂದೆ ಬಂದರೆ ಅವನ ಹೆಂಡತಿ ತೋಳು ಹಿಡಿದು, “ನೀವು ಮಾತ್ರ ಹತ್ಬೇಡಿ” ಎಂದಳು. ಆಮೇಲೆ ನಡೆದದ್ದನ್ನು ನೋಡಲು ಮರಿತಾಯಮ್ಮ ಇರಬೇಕಿತ್ತು. ಡ್ರೈವರೇ ಇಲ್ಲದೆ ಕಾರು ಓಡಿಸುವ ಕಂಪನಿಯಲ್ಲಿ ಕೆಲಸ ಮಾಡುವ ವಿಕಾಸನಿಗೆ, ಬೇರೆಯವರ ಗಾಡಿ ಓಡಿಸಿದರೆ ಇನ್ಶೂರೆನ್ಸು ಬರುವುದಿಲ್ಲವೆಂದು ತಟ್ಟನೆ ನೆನಪಾಯಿತು. ದಿನಾ ಎದೆ ಸೀಳಿ ಹೊಲಿಯುವ ಡಾಕ್ಟರೊಬ್ಬರಿಗೆ ಕನ್ನಡಕ ಮನೆಯಲ್ಲೇ ಮರೆತುಹೋಗಿತ್ತು. ದ್ವಾರಕಾನಾಥರಂತೂ, “ನಾನೀಗ ಬರೀ ಎಲೆಕ್ಟ್ರಿಕ್ ಓಡ್ಸೋದು, ಪೆಟ್ರೋಲ್ ಗಾಡಿ ಮರ್ತೇ ಹೋಗಿದೆ ನೋಡಿ” ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಸೇವೆಯ ಸಾಕಾರಮೂರ್ತಿಯ ಸೀಟಿನಲ್ಲಿ ಕೂರಲು ಒಬ್ಬ ಗಂಡಸೂ ಇಲ್ಲ!

ಸತ್ಯವತಿಗೆ ಭಯವಿರಲಿಲ್ಲವೆಂದಲ್ಲ. ನಿಂಬೆಹಣ್ಣಿನ ವಿಷಯದಲ್ಲಿ ಅವಳೂ ಅವರ ಹಾಗೆಯೇ. ಆದರೆ ನಾಳೆಯಿಂದ ಆ ಬಿಳಿ ಗೋಡೆ ನೋಡುತ್ತ ಕೂರುವ ಭಯ ಅದಕ್ಕಿಂತ ದೊಡ್ಡದಿತ್ತು.

“ಹರ್ಷ, ನಾನು ದಾಟಿಸ್ತೀನಿ” ಎಂದಳು. “ಆದ್ರೆ ನಿಂಬೆಹಣ್ಣು ದಾಟಿಸಿದೋರದ್ದೇ ಗಾಡಿ. ನಿಮ್ಮಮ್ಮ ಅದನ್ನೇ ಹೇಳ್ತಿದ್ಳು. ನಾಳೆ ಟೋ ಟ್ರಕ್ಕು ಬರೋ ಹಾಗಿಲ್ಲ.”

“ಆಂಟಿ, ನಿಮಗೆ ಡ್ರೈವಿಂಗು…”

ಸತ್ಯವತಿ ಪರ್ಸಿನಿಂದ ಕುಂಕುಮದ ಚೀಲ ತೆಗೆದಳು. ಚೀಲದೊಳಗಿನಿಂದ ಲೈಸೆನ್ಸು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು. ಅಂಚಿಗೆ ಕುಂಕುಮ ಮೆತ್ತಿತ್ತು.

“ಅಮ್ಮ! ಇದು ಯಾವಾಗ?” ಅಭಿರಾಮನ ಬಾಯಿ ತೆರೆದೇ ಇತ್ತು.

“ನಿನ್ನ ವೀಕೆಂಡು ಬರೋದ್ರೊಳಗೆ.”

ಪಕ್ಕದಲ್ಲಿದ್ದ ಇಂಚರಾ, “ಗೋ ಅಜ್ಜಿ!” ಎಂದು ಕಿರುಚಿದಳು. ಹರ್ಷ ಹೆಂಡತಿಯ ಮುಖ ನೋಡಿದ. ಅವಳು, “ಕೊಟ್ಬಿಡ್ರಿ, ಕೊಟ್ಬಿಡಿ” ಎಂದು ಕೀಯನ್ನು ತಾನೇ ಕಿತ್ತು ಸತ್ಯವತಿಯ ಕೈಗಿಟ್ಟಳು. ಮನೆಗೆ ಬರಬಹುದಾದ ಪೀಡೆ ಬೇರೆಯವರ ಮನೆಗೆ ಹೊರಟಿತಲ್ಲ ಎಂಬ ನೆಮ್ಮದಿ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಹರ್ಷ ಮಾತ್ರ ಮೆಲ್ಲಗೆ, “ಪೇಪರ್ಸೆಲ್ಲ ನಾನು ಮಾಡಿಸ್ಕೊಡ್ತೀನಿ ಆಂಟಿ” ಎಂದ.

ಸತ್ಯವತಿ ಬಾಗಿಲು ತೆಗೆದಳು. ಫೋಟೋವನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಒಳಗೆ ಕೂರಲು ಹೋದರೆ ಮೊಣಕಾಲು ಸ್ಟೇರಿಂಗಿಗೆ ತಾಗಿತು. ಮರಿತಾಯಮ್ಮ ಗಿಡ್ಡ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ಕೆಳಗೆ ಹಳೆಯ ಸೀರೆ ಮಡಚಿದ ದಿಂಬು ಇಟ್ಟುಕೊಂಡು ಓಡಿಸುತ್ತಿದ್ದಳು. ಆ ದಿಂಬು ಇನ್ನೂ ಅಲ್ಲೇ ಇತ್ತು, ಕೂತು ಕೂತು ನಡುವೆ ತಗ್ಗಾಗಿತ್ತು. ಅದರ ಮೇಲೆ ಕೈಯಿಟ್ಟಾಗ ಸತ್ಯವತಿಗೆ ಅಳು ಬಂತು. ಇಡೀ ಮಧ್ಯಾಹ್ನ ಅಷ್ಟೆಲ್ಲ ಮಾತು ಕೇಳಿದರೂ ಬಾರದ ಅಳು ಈಗ ಬಂತು, ಅವಳು ತಡೆಯಲೂ ಇಲ್ಲ.

ಹಿಂದಿನ ಬಾಗಿಲು ಸರ್ರನೆ ಸರಿಯಿತು. ಶರಣವ್ವ ಉಸ್ಸೆನ್ನುತ್ತ ಹತ್ತಿ ಕೂತಳು.

“ನಿಮಗೆ ಹತ್ತಲ್ವಾ ಶರಣವ್ವ?” ಎಂದಳು ಸತ್ಯವತಿ, ಮೂಗು ಒರೆಸಿಕೊಳ್ಳುತ್ತ.

“ಇಷ್ಟ್ ವಯಸ್ಸಾಗೇತಿ, ಇನ್ನ ನನಗೇನ್ ಹತ್ತತೈತಿ? ನಡೀರಿ.”

ಅವಳ ಹಿಂದೆ ಉಳಿದ ಮುದುಕಿಯರೂ ಹತ್ತಿದರು. ಅಳಿಯನ ಮುಖ ಕೂಡ ನೋಡದೆ ಕೋಲು ಒಳಗೆಸೆದು ಹತ್ತಿದವರು ದ್ವಾರಕಾನಾಥರ ಅತ್ತೆ.

ಸೀಟು ಹಿಂದಕ್ಕೆ ಸರಿಸಿ ಸತ್ಯವತಿ ಗಾಡಿ ಶುರುಮಾಡಿದಳು. ಚಟಚಟನೆ ನಾಲ್ಕೂ ನಿಂಬೆಹಣ್ಣು ಒಡೆದವು. ನಿಂಬೆಯ ಘಮ ಒಳಗೆಲ್ಲ ಹರಡಿತು. ಅಲ್ಲೇ ನಾಲ್ಕು ಮಾರು ಮುಂದೆ ನಿಲ್ಲಿಸುತ್ತಾಳೆಂದು ಎಲ್ಲರೂ ಕಾದರು. ಅವಳು ನಿಲ್ಲಿಸಲಿಲ್ಲ.

“ಅಮ್ಮಾ, ಎಲ್ಲಿಗೆ?” ಎಂದು ಅಭಿರಾಮ ಓಡಿಬಂದ.

“ಗ್ರೋಸರಿಗೆ. ಮೆಂತ್ಯದ ಸೊಪ್ಪು ಮುಗಿದಿದೆ.”

ಗೇಟಿನ ಹತ್ತಿರ ಕನ್ನಡಿ ನೋಡಿದಳು. ಗಾರ್ಗಿಯೇ ಶುರುಮಾಡಿದಳೋ ಏನೋ, ಹಿಂದೆ ನಿಂತ ಅಷ್ಟೂ ಜನ ಚಪ್ಪಾಳೆ ಹೊಡೆಯುತ್ತಿದ್ದರು.

“ಹೊಡೀರಿ, ಹೊಡೀರಿ. ನಿಮ್ಮ ಕೈಲಿ ಆಗೋದು ಅಷ್ಟೇ” ಎಂದು ಸತ್ಯವತಿ, ಕೂಸು ತಟ್ಟಿದಷ್ಟೇ ಮೆಲ್ಲಗೆ ಬ್ರೇಕು ಒತ್ತಿ, ಗಾಡಿಯನ್ನು ರಸ್ತೆಗೆ ತಿರುಗಿಸಿದಳು.